ದನಿಯವರ ಪಾಲು

ಭಾನುವಾರ ತಿಂಡಿ ಮುಗಿಸಿ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಬಿಯರ್ ಅಂಗಡಿ ಹುಡುಕಲು ಹೊರಡುವ ಗಂಡಸು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬೇಕು. ನನಗೆ ಅರವತ್ತು ದಾಟಿದೆ, ಅವಳಿಗೆ ಅರವತ್ತು ಹತ್ತಿರ. ಅಲ್ಲಿಯವರೆಗೆ ಇಬ್ಬರೂ ಬಿಯರಿನ ಬಾಟಲಿಯನ್ನು ಕೈಯಲ್ಲಿ ಹಿಡಿದವರಲ್ಲ. ಬಸ್‌ಸ್ಟಾಪಿನಲ್ಲಿ ಯಾರಾದರೂ ಸಿಕ್ಕಿ, ಜೋಡಿಯಾಗಿ ಎಲ್ಲಿಗೆ ಭದ್ರಯ್ಯನವರೇ ಎಂದು ಕೇಳಿದರೆ, ನೊರೆಮನೆಗೆ ಎಂದು ಎದೆ ಸೆಟೆಸಿಯೇ ಹೇಳುತ್ತಿದ್ದೆ. ಊರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಆಡಿಕೊಳ್ಳಲಿ. ನಾವು ಹೋಗುತ್ತಿದ್ದದ್ದು ಕುಡಿಯುವುದಕ್ಕಲ್ಲ. ನನ್ನ ಹೆಂಡತಿ ಸರ್ವಮಂಗಳೆಯ ದನಿ ಅಲ್ಲೆಲ್ಲೋ ಇದೆ ಎಂಬ ಸುದ್ದಿ ಬಂದಿತ್ತು, ಅದನ್ನು ಹುಡುಕುವುದಕ್ಕೆ.

ನೊರೆಮನೆ ಎಂದರೆ ನಮ್ಮ ಊರಿನ ಹೊರ ಬಡಾವಣೆಗಳಲ್ಲಿ ಎದ್ದಿರುವ ಹೊಸ ಬಿಯರ್ ಅಂಗಡಿಗಳು. ಬೋರ್ಡಿನ ಮೇಲೆ ಬ್ರೂಪಬ್, ಟ್ಯಾಪ್‌ರೂಮ್ ಎಂದೆಲ್ಲಾ ಬರೆಸಿರುತ್ತಾರೆ. ಸೈಟು ಕಲ್ಲು ನೆಟ್ಟು, ರಸ್ತೆಗೆ ಜಲ್ಲಿ ಸುರಿದು, ಒಂದು ಮನೆಯೂ ಮೇಲೇಳುವ ಮೊದಲೇ ಅಲ್ಲೊಂದು ನೊರೆಮನೆ ಎದ್ದಿರುತ್ತದೆ. ಅಲ್ಲೇ ಟ್ಯಾಂಕಿನಲ್ಲಿ ಬಿಯರ್ ಮಾಡಿ, ಅಲ್ಲೇ ನಲ್ಲಿಯಿಂದ ಹಿಡಿದು ಕೊಡುತ್ತಾರೆ. ಒಂದು ಗುಟುಕು ಕುಡಿದರೆ, ನಾಲಿಗೆಯ ಮೇಲೆ ಕಹಿ ಇರುವಷ್ಟು ಹೊತ್ತು ಕುಡಿದವನ ಬಾಯಿಂದ ಬೇರೆ ಯಾರದೋ ದನಿ ಬರುತ್ತದೆ. ಒಂದು ಟ್ಯಾಂಕಿಗೆ ಒಂದು ದನಿ. ಅದು ಊರಿನಲ್ಲಿ ಓಡಾಡಿಕೊಂಡಿರುವವರದಾಗಿರಬಹುದು, ಹೋದವರದೂ ಆಗಿರಬಹುದು. ಕಹಿ ಇಳಿದರೆ ಅವರವರ ದನಿ ಅವರವರಿಗೆ. ಪಕ್ಕದೂರಿನ ಬಿಯರಿನಲ್ಲಿ ಹೀಗೆಲ್ಲಾ ಏನೂ ಇಲ್ಲವಂತೆ, ಬರೀ ತಲೆ ತಿರುಗುತ್ತದಂತೆ. ಅದಕ್ಕೆ ದುಡ್ಡು ಕೊಟ್ಟು ಯಾಕೆ ಕುಡಿಯುತ್ತಾರೋ ನನಗಂತೂ ಗೊತ್ತಿಲ್ಲ.

ಮೊದಮೊದಲು ಗಲಾಟೆಯಾಗಿತ್ತು, ಈಗ ಜನ ಹೊಂದಿಕೊಂಡಿದ್ದಾರೆ. ಮಾವನ ಮುಂದೆ ಬಾಯಿ ಬಿಡಲು ಹೆದರುವ ಅಳಿಯಂದಿರು ಇನ್ಸ್‌ಪೆಕ್ಟರ್ ದನಿಯ ಟ್ಯಾಂಕು ಹುಡುಕಿಕೊಂಡು ಹೋಗಿ, ಅರ್ಧ ಗ್ಲಾಸು ಕುಡಿದು ಫೋನ್ ಮಾಡುತ್ತಾರೆ. ಸಂಗೀತದ ಟೀಚರ್ ಪದ್ಮಿನಿಯವರ ದನಿ ಬಂದ ವಾರ ಊರಿನ ಕಾಗೆ ಕಂಠದವರೆಲ್ಲಾ ಹೊಂಗೆ ಬಡಾವಣೆಗೆ ಹೋಗಿ ಎದೆ ತುಂಬಾ ಹಾಡಿ ಬಂದರು. ಬ್ಯಾಂಕಿನವರು ಮಾತ್ರ ಶನಿವಾರ ಮಧ್ಯಾಹ್ನದ ಮೇಲೆ ಯಾರ ಫೋನನ್ನೂ ನಂಬುವುದಿಲ್ಲ. ಇದಕ್ಕೆಲ್ಲಾ ಒಂದು ಕಟ್ಟಳೆಯೂ ಬಂದಿದೆ. ಹೊಸ ಟ್ಯಾಂಕು ತೆರೆದಾಗ ಮೊದಲ ಗ್ಲಾಸು ಆ ದನಿ ಯಾರದೋ ಅವರಿಗೆ, ಬಿಟ್ಟಿ. ಅದಕ್ಕೆ ದನಿಯವರ ಪಾಲು ಎನ್ನುತ್ತಾರೆ. ದನಿಯವರು ತೀರಿಹೋಗಿದ್ದರೆ ಬಾಗಿಲ ಪಕ್ಕದ ಗಿಡದ ಬುಡಕ್ಕೆ ಹೊಯ್ಯುತ್ತಾರೆ, ಯಾರೆಂದು ಗೊತ್ತಿಲ್ಲದಿದ್ದರೆ ಟ್ಯಾಂಕಿನ ಮುಂದೆ ಕಲ್ಲಿನ ಮೇಲೆ ಖಾಲಿ ಗ್ಲಾಸು ಮಗುಚಿಟ್ಟು, ಅವರು ಬರುವವರೆಗೆ ಮಾರುತ್ತಾರೆ. ಮಾರಬಹುದು ಎಂದು ದನಿಯವರು ಹೇಳಿದರೆ ಮಾರಾಟ, ಬೇಡವೆಂದರೆ ಇಡೀ ಟ್ಯಾಂಕು ಮೋರಿಗೆ. ಅವರಿಗೆ ಒಂದು ಟ್ಯಾಂಕಿಗೆ ಒಂದೇ ಗ್ಲಾಸು. ತನ್ನ ದನಿಯನ್ನು ತಾನೇ ಎರಡನೇ ಗ್ಲಾಸು ಕುಡಿದರೆ ಉಳಿದದ್ದೆಲ್ಲಾ ಹುಳಿಯಾಗಿಬಿಡುತ್ತದೆ.

ಈಗ ನನ್ನ ವಿಷಯ. ನಾನು ನಮ್ಮ ಊರಿನ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಹರಾಜು ಭದ್ರಯ್ಯ ಎಂದರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ಹರಾಜಿನಲ್ಲಿ ಕೊಳ್ಳುವವರು ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ. ಒಬ್ಬ ಕಿರುಬೆರಳು ಎತ್ತುತ್ತಾನೆ, ಒಬ್ಬ ಹುಬ್ಬು ಹಾರಿಸುತ್ತಾನೆ, ಇನ್ನೊಬ್ಬ ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅದನ್ನು ಓದಿ ಬೆಲೆ ಕೂಗಬೇಕು. ಟೊಮೇಟೊ ಕಾಯುವುದಿಲ್ಲ, ಆದ್ದರಿಂದ ಬೆರಳು ಪೂರ್ತಿ ಏಳುವ ಮೊದಲೇ ಅವನ ಮನಸ್ಸಿನಲ್ಲಿರುವುದು ನನ್ನ ಬಾಯಿಗೆ ಬಂದಿರಬೇಕು. ಬರುತ್ತಿತ್ತು ಕೂಡ. ಒಂದೊಂದು ಸಲ ಸುಮ್ಮನೆ ತಲೆ ಕೆರೆದುಕೊಂಡವನ ಮೇಲೂ ಮಾಲು ಬಿದ್ದದ್ದುಂಟು. ಅದು ಕೆರೆದುಕೊಂಡವನ ತಪ್ಪು.

ಎರಡು ವರ್ಷದ ಹಿಂದೆ ಮಂಗಳೆಗೆ ಗಂಟಲಿನಲ್ಲಿ ಗಡ್ಡೆ ಬಂದು ಆಪರೇಷನ್ ಆಯಿತು. ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹೋಯಿತು. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಹೊಸತರಲ್ಲಿ ಒಂದು ಸ್ಲೇಟು ಇಟ್ಟುಕೊಂಡು ಬರೆದು ತೋರಿಸುತ್ತಿದ್ದಳು. ಅಕ್ಷರ ಕೂಡಿಸಿ ಬರೆಯುವುದು ಅವಳಿಗೆ ನಿಧಾನ, ನನ್ನ ಕನ್ನಡಕ ಬೇಕಾದಾಗ ಸಿಗುವುದಿಲ್ಲ. ಬರೆಯುವ ಕಷ್ಟ ಯಾಕೆ, ಕೈಸನ್ನೆ ಮಾಡು ಸಾಕು, ಇಡೀ ಮಂಡಿಯ ಬೆರಳು ಓದುವವನಿಗೆ ಹೆಂಡತಿಯ ಬೆರಳು ಅರ್ಥವಾಗುವುದಿಲ್ಲವೇ ಎಂದೆ. ಅವಳು ಸ್ಲೇಟು ಒಳಗಿಟ್ಟಳು. ಅವತ್ತಿನಿಂದ ಅವಳ ಬಾಯಿ ನಾನೇ. ಮನೆಗೆ ಬಂದವರಿಗೆ, ಅಂಗಡಿಯವರಿಗೆ, ಮದುವೆ ಮನೆಯವರಿಗೆ, ಎಲ್ಲರಿಗೂ ಮಂಗಳಾ ಹೀಗೆ ಹೇಳುತ್ತಾಳೆ ಎಂದು ನಾನು ಹೇಳುವುದು. ಅವಳ ತಂಗಿ ಕಮಲಾಕ್ಷಿ ಬಂದು, ಅಕ್ಕನನ್ನು ಒಂದು ತಿಂಗಳು ನನ್ನ ಜೊತೆ ಕಳಿಸಿ ಎಂದು ಕೇಳಿದಾಗ, ಮಂಗಳಾ ಕೈ ಎತ್ತಿದ್ದನ್ನು ನೋಡಿ, ಬರುವುದಕ್ಕಾಗುವುದಿಲ್ಲವಂತೆ ಕಣಮ್ಮ, ನನ್ನನ್ನು ಬಿಟ್ಟು ಅವಳಿರುವುದಿಲ್ಲ ಎಂದು ನಾನೇ ಸಮಾಧಾನ ಹೇಳಿ ಕಳಿಸಿದೆ. ಆ ಹೆಣ್ಣುಮಗಳು ಅಷ್ಟಕ್ಕೇ ಮುಖ ಗಂಟು ಹಾಕಿಕೊಂಡು ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಳ್ಳೆಯದಕ್ಕೆ ಕಾಲವಿಲ್ಲ ನೋಡಿ.

ಹೀಗಿರುವಾಗ ಕೇಬಲ್ ಸಿಲ್ವೆಸ್ಟರ್ ಒಂದು ದಿನ ಬಿಲ್ಲು ಕೇಳಲು ಬಂದವನು, ಯಾವುದೋ ನೊರೆಮನೆಯಲ್ಲಿ ಮಂಗಳಕ್ಕನ ದನಿ ಕೇಳಿದೆ ಎಂದ. ಯಾವ ನೊರೆಮನೆ ಎಂದರೆ ತಲೆ ತುರಿಸಿಕೊಂಡ. ಅವತ್ತು ಅವನು ಎರಡು ಮೂರು ಕಡೆ ಹೋಗಿದ್ದನಂತೆ, ಎಲ್ಲಾ ಗೋಜಲಾಗಿದೆಯಂತೆ. ದನಿ ಮಾತ್ರ ಅಕ್ಕನದೇ, ನಿಮ್ಮ ಮನೆಯ ಕೇಬಲ್ ಕೆಟ್ಟಾಗಲೆಲ್ಲಾ ಆ ದನಿಯಿಂದ ಬೈಸಿಕೊಂಡವನು ನಾನು, ಮರೆಯುತ್ತೇನೆಯೇ ಎಂದ. ನಿಜ ಹೇಳುತ್ತೇನೆ, ಆ ಎರಡು ವರ್ಷ ನಮ್ಮ ಮನೆಯಲ್ಲಿ ನನ್ನ ದನಿಯೊಂದನ್ನೇ ಕೇಳಿ ಕೇಳಿ ನನಗೇ ಸಾಕಾಗಿ ಹೋಗಿತ್ತು. ಅವಳು ಒಂದೇ ಒಂದು ಸಲ ನನ್ನನ್ನು ಬೈದರೂ ಸಾಕಾಗಿತ್ತು. ಮಂಗಳಾ ಅಡಿಗೆ ಮನೆಯಿಂದ ಬಂದು ಎರಡು ಕೈಯನ್ನೂ ತಿರುವಿ ಏನೋ ಹೇಳಿದಳು. ಹುಡುಕಲೇಬೇಕಂತೆ ಕಣೋ ಎಂದು ಸಿಲ್ವೆಸ್ಟರನಿಗೆ ಹೇಳಿದೆ.

ಮೊದಲು ಹೋದದ್ದು ಜೇನುಗುಡ್ಡ ಲೇಔಟಿಗೆ. ಕೋಳಿ ಫಾರ್ಮಿನ ಹಳೆಯ ಶೆಡ್ಡನ್ನು ತೊಳೆದು ಬಣ್ಣ ಹೊಡೆದು ನೊರೆಮನೆ ಮಾಡಿದ್ದರು. ನಾನು ರುಚಿ ನೋಡುವ ಒಂದು ಸಣ್ಣ ಗ್ಲಾಸು ತೆಗೆದುಕೊಂಡು, ಕಷಾಯ ಕುಡಿಯುವ ಹಾಗೆ ಕಣ್ಣು ಮುಚ್ಚಿ ಕುಡಿದೆ. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿದ ಗೋಧಿ ಬಿಯರಂತೆ. ಕಹಿ ಎಂದು ಹೇಳಲು ಬಾಯಿ ತೆರೆದರೆ, ಹಿಂದೆ ನಮ್ಮ ತಾಲ್ಲೂಕಿನಲ್ಲಿದ್ದ ತಹಸೀಲ್ದಾರರ ದನಿ ಬಂತು. ನನ್ನ ದನಿಯನ್ನು ನಂಬಿ ಬದುಕಿದವನು ನಾನು, ಹೆದರಿ ಬಾಯಿ ಮುಚ್ಚಿಕೊಂಡೆ. ನಾವು ಕೂತಿದ್ದ ಉದ್ದ ಮೇಜಿನ ತುಂಬಾ ಅದೇ ಟ್ಯಾಂಕಿನವರು. ಎಲ್ಲರದೂ ಒಂದೇ ದನಿ. ಯಾರೋ ಬಿಲ್ಲು ನಾನು ಕೊಡುತ್ತೇನೆ ಎಂದರು, ತಹಸೀಲ್ದಾರರ ದನಿಯೇ ಬೇಡ ಎಂದಿತು, ತಹಸೀಲ್ದಾರರ ದನಿಯೇ ಹೋದ ಸಲವೂ ನೀನು ಹೀಗೇ ಹೇಳಿ ಎದ್ದು ಹೋದೆ ಎಂದಿತು. ಕೊನೆಗೆ ಬಿಲ್ಲು ನನ್ನ ಮುಂದೆ ಬಂತು. ಕೊಡುತ್ತೇನೆ ಎಂದವನು ನಾನೇ ಎಂದು ನಾಲ್ಕು ಜನ ಸಾಕ್ಷಿ ಹೇಳಿದರು. ನಾನು ಹೇಳಿದ್ದೆನೋ ಇಲ್ಲವೋ, ಈಗಲೂ ನನಗೆ ಖಾತ್ರಿಯಿಲ್ಲ.

ಮಂಗಳಾ ಮಾತ್ರ ಆರಾಮಾಗಿ ಕೂತಿದ್ದಳು. ಅಲ್ಲಿಯ ಮಾಲೀಕ ಬಂದು, ಅಮ್ಮನಿಗೆ ಏನಾದರೂ ಬೇಕೇ ಎಂದು ಕೇಳಿದ. ಅವಳು ನನ್ನ ಗ್ಲಾಸನ್ನು ತೋರಿಸಿ, ಒಳಗಿನ ಟ್ಯಾಂಕಿನ ಕಡೆ ಬೆರಳು ಮಾಡಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಅದರ ಮೇಲೆ ಇನ್ನೊಂದು ಕೈ ಮುಚ್ಚಿದಳು. ಬಿಸಿಲಿಗೆ ಸುಸ್ತಾಗಿದೆಯಂತೆ, ಒಂದು ಲೋಟ ನೀರು ಕೊಡಪ್ಪ ಎಂದೆ. ನೀರು ಬಂತು. ಅವಳು ಅದನ್ನು ಮುಟ್ಟಲಿಲ್ಲ. ಸಂಕೋಚದ ಹೆಂಗಸು, ಹೊಸ ಜಾಗ ಎಂದುಕೊಂಡೆ.

ಮುಂದಿನ ವಾರ ಒಂದು ಹಳೆಯ ಕಲ್ಯಾಣ ಮಂಟಪಕ್ಕೆ ಹೋದೆವು. ಮದುಮಕ್ಕಳ ಮಂಟಪ ಇದ್ದ ಕಡೆ ದೊಡ್ಡ ದೊಡ್ಡ ಟ್ಯಾಂಕು ಕೂರಿಸಿದ್ದರು, ಊಟದ ಹಾಲಿನಲ್ಲಿ ಮೇಜು. ಅಲ್ಲಿ ಡಿಕಾಕ್ಷನ್ ಬಣ್ಣದ ಕಪ್ಪು ಬಿಯರು. ಅದರಲ್ಲಿ ಯಾವುದೋ ಪುಟ್ಟ ಹುಡುಗಿಯ ದನಿ ಬಂದಿತ್ತು. ಗಡ್ಡ ಮೀಸೆಯ ಕಂಟ್ರ್ಯಾಕ್ಟರುಗಳು ಸೈಟಿನ ವ್ಯವಹಾರವನ್ನು ಎಳೆ ದನಿಯಲ್ಲಿ ರಾಗವಾಗಿ ಮಾತಾಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಕೆಟ್ಟ ಮಾತು ಬೈಯಲು ಹೋಗಿ, ಆ ದನಿಯಲ್ಲಿ ಬೈಯಲು ಮನಸ್ಸು ಬಾರದೆ ಕಣ್ಣಲ್ಲಿ ನೀರು ತಂದುಕೊಂಡ. ಮಂಗಳಾ ಎದ್ದು ಹೋಗಿ ಮೂಲೆಯಲ್ಲಿದ್ದ ಮೂಟೆಯಿಂದ ಬಿಯರಿಗೆ ಹಾಕುವ ಕಾಳು ಒಂದು ಹಿಡಿ ತೆಗೆದು ಮೂಸಿ ನೋಡಿದಳು. ಒಂದನ್ನು ಹಲ್ಲಿನಲ್ಲಿ ಕಡಿದಳು. ನನ್ನ ಕಡೆ ತಿರುಗಿ ಮೂಗು ಮುಟ್ಟಿಕೊಂಡು ಕೈ ಆಡಿಸಿದಳು. ವಾಸನೆ ಆಗುವುದಿಲ್ಲವಂತೆ, ಮೂಟೆ ಆ ಕಡೆ ಇಡಿ ಎಂದು ಕೂಗಿ ಹೇಳಿದೆ. ಅವರು ಪಾಪ ಮೂಟೆಯನ್ನು ಎತ್ತಿ ಒಳಗಿಟ್ಟರು. ಅವಳು ಕೈಯಲ್ಲಿ ಉಳಿದ ಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ವಾಸನೆ ಆಗದವಳು ಅದನ್ನೇಕೆ ಕಟ್ಟಿಕೊಂಡಳೋ, ನನಗೆ ತಲೆಬುಡ ತಿಳಿಯಲಿಲ್ಲ.

ಹೀಗೇ ವಾರ ವಾರ ಸುತ್ತಿದೆವು. ಒಂದು ಕಡೆ ಮಾವಿನಹಣ್ಣಿನ ಬಿಯರು, ಒಂದು ಕಡೆ ರಾಗಿಯದು. ಒಂದು ಕಡೆ ನನ್ನ ಬಾಯಿಂದ ನನ್ನ ಹಳೆಯ ಶತ್ರು, ಈರುಳ್ಳಿ ಮಂಡಿಯ ಕೂಗುವವನ ದನಿಯೇ ಬಂದು, ಮೂರು ದಿನ ಊಟ ಸೇರಲಿಲ್ಲ. ಮನೆಗೆ ಬಂದ ಮೇಲೂ ನನ್ನ ದನಿ ನನ್ನದೇ ಹೌದೋ ಅಲ್ಲವೋ ಎಂದು ಕನ್ನಡಿ ಮುಂದೆ ನಿಂತು ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿ ನೋಡಿಕೊಳ್ಳುತ್ತಿದ್ದೆ. ದನಿ ಸಿಕ್ಕರೆ ಏನು ಮಾಡಬೇಕು ಎಂಬುದನ್ನು ಮಾತ್ರ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಒಂದು ತೊಟ್ಟೂ ಮಾರಬಾರದು. ಇಡೀ ಟ್ಯಾಂಕನ್ನು ಡ್ರಮ್ಮುಗಳಿಗೆ ತುಂಬಿಸಿ ಮನೆಗೆ ತರುವುದು, ಬೇಕಾದಾಗ ನಾನೇ ಒಂದು ಗುಟುಕು ಕುಡಿದು ಮನೆಯಲ್ಲಿ ಅವಳ ದನಿ ಓಡಾಡುವ ಹಾಗೆ ಮಾಡುವುದು. ಮಂಗಳೆಗೂ ಇದನ್ನು ಹೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ಅಕ್ಕಿ ಆರಿಸಲು ಹೋದಳು. ಒಪ್ಪಿಗೆ ಎಂದುಕೊಂಡೆ.

ಕೊನೆಗೆ ಸಿಕ್ಕಿದ್ದು ಬನ್ನಿಮರದ ಲೇಔಟಿನಲ್ಲಿ. ಬಸ್ಸು ಕೊನೆಯ ಸ್ಟಾಪಿನಲ್ಲಿ ಇಳಿಸಿ ಹೋದ ಮೇಲೆ ಸುಮಾರು ದೂರ ನಡೆಯಬೇಕು. ಮೊದಲು ಟೈರು ತುಂಬುತ್ತಿದ್ದ ಗೋಡೌನು, ಈಗ ನೊರೆಮನೆ. ಅದರ ಯಜಮಾನ ಯಶೋಧರ, ಗೋಲಿ ಸೋಡಾ ಫ್ಯಾಕ್ಟರಿ ಇಟ್ಟಿದ್ದವರ ಮಗ. ಗೋಡೆಯ ಉದ್ದಕ್ಕೂ ನಾಲ್ಕು ಟ್ಯಾಂಕು. ಮೂರರ ಮೇಲೆ ಸೀಮೆಸುಣ್ಣದಲ್ಲಿ ದನಿಯವರ ಹೆಸರು ಬರೆದಿತ್ತು. ನಾಲ್ಕನೆಯದರ ಮೇಲೆ ದನಿಯವರು ಗೊತ್ತಿಲ್ಲ ಎಂದಿತ್ತು, ಮುಂದೆ ಕಲ್ಲಿನ ಮೇಲೆ ಖಾಲಿ ಗ್ಲಾಸೊಂದನ್ನು ಮಗುಚಿಟ್ಟಿದ್ದರು. ನಾವು ಕುರ್ಚಿ ಎಳೆದು ಕೂರುವಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಮಾತು ಬಂತು.

“ಈ ಉಪ್ಪಿನಕಾಯಿಗೆ ಇಂಗೇ ಹಾಕಿಲ್ಲ. ಇದನ್ನ ತಿನ್ನೋ ಬದ್ಲು ಬರೀ ಉಪ್ಪು ನೆಕ್ಕಬಹುದು.”

ಮಂಗಳೆಯ ದನಿ. ಅದೇ ಕೊಂಚ ಮೂಗಿನಿಂದ ಬರುವ, ಕೊನೆಯಲ್ಲಿ ಎಳೆಯುವ ದನಿ. ನಾನು ಎದುರಿಗೆ ಕೂತಿದ್ದ ಮಂಗಳೆಯನ್ನು ನೋಡಿದೆ. ಅವಳ ಬಾಯಿ ಮುಚ್ಚಿತ್ತು. ಹೆಂಡತಿ ಎದುರಿಗೆ ಸುಮ್ಮನೆ ಕೂತಿದ್ದಾಳೆ, ಬೆನ್ನ ಹಿಂದೆ ಮಾತಾಡುತ್ತಿದ್ದಾಳೆ. ಯಾವ ಕಡೆ ತಿರುಗಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾದೆ. ತಿರುಗಿ ನೋಡಿದರೆ ಹುರಿ ಮೀಸೆಯ ದಪ್ಪ ಆಸಾಮಿಯೊಬ್ಬ ಬೆರಳಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಕೂತಿದ್ದಾನೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಎದ್ದು ಹೋಗಿ ಅವನ ಕೊರಳಪಟ್ಟಿ ಹಿಡಿದು, ಯಾರಪ್ಪಣೆ ತಗೊಂಡು ಈ ದನಿಯಲ್ಲಿ ಮಾತಾಡುತ್ತಿದ್ದೀಯ ಎಂದು ಕೂಗಿದೆ. ಅಂಗಿ ಹರಿಯುತ್ತೆ ಬಿಡಿ ಎಂದ, ನನ್ನ ಹೆಂಡತಿಯ ದನಿಯಲ್ಲಿ. ಮದುವೆಯಾದಾಗಿನಿಂದ ಆ ದನಿ ಬಿಡಿ ಎಂದರೆ ಬಿಟ್ಟು ಅಭ್ಯಾಸ, ಕೈ ತಾನೇ ಸಡಿಲವಾಯಿತು.

ಯಶೋಧರ ಓಡಿ ಬಂದ. ಇದು ನನ್ನ ಹೆಂಡತಿಯ ದನಿ ಎಂದೆ. ಅವನು ಬಹಳ ಮರ್ಯಾದೆಯಿಂದಲೇ, ಅಮ್ಮ ಒಂದು ಮಾತು ಆಡಿದರೆ ಎಲ್ಲರೂ ಕೇಳಿ ಹೌದೆನ್ನುತ್ತೇವೆ, ಕಟ್ಟಳೆ ಇರುವುದು ಹಾಗೆ ಎಂದ. ಆಡುವುದಕ್ಕೆ ದನಿ ಇದ್ದಿದ್ದರೆ ಈ ಬಿಸಿಲಲ್ಲಿ ಇಲ್ಲಿಗೇಕೆ ಬರುತ್ತಿದ್ದೆವು? ದನಿ ಇಲ್ಲದವಳು ದನಿ ತನ್ನದೆಂದು ಹೇಗೆ ತೋರಿಸಬೇಕು? ನಾನು ದೇವರ ಮೇಲೆ ಆಣೆ ಇಟ್ಟೆ, ಸಿಲ್ವೆಸ್ಟರನನ್ನು ಕರೆಸುತ್ತೇನೆ ಎಂದೆ. ಸುತ್ತ ಇದ್ದವರು ತಲೆಗೊಂದು ಮಾತಾಡತೊಡಗಿದರು, ಅರ್ಧ ಜನ ಮಂಗಳೆಯ ದನಿಯಲ್ಲೇ. ಈ ದನಿ ಆ ಹೆಂಗಸಿನದಲ್ಲ ಎಂದು ಮಂಗಳೆಯ ದನಿಯೇ ಹೇಳಿದ್ದನ್ನು ನಾನು ಈ ಕಿವಿಯಾರೆ ಕೇಳಿದೆ.

ಅಷ್ಟರಲ್ಲಿ ಮೀಸೆಯವನಿಗೆ ಅವನ ಗೆಳೆಯ ಏನೋ ಪಿಸುಗುಟ್ಟಿದ. ನನ್ನ ಬಗ್ಗೆಯೇ ಇರಬೇಕು. ಮೀಸೆಯವನು ಗುಟುಕು ನುಂಗಿ, ಹೊಟ್ಟೆ ಕುಲುಕಿಸಿ ನಕ್ಕ. ಆ ನಗು ಮಂಗಳೆಯದು, ಮೊದಲು ತಡೆದು, ಆಮೇಲೆ ತಡೆಯಲಾರದೆ ಒಮ್ಮೆಲೇ ಹೊರಗೆ ಬೀಳುವ ನಗು. ಅದೇ ಮಾತನ್ನು ಕೇಳಿಸಿಕೊಂಡಿದ್ದ ಮಂಗಳೆಯೂ ಆ ಹೊತ್ತಿಗೆ ನಗುತ್ತಿದ್ದಳು, ಸದ್ದಿಲ್ಲದೆ. ಅವಳು ತುಟಿ ಬಿಗಿದಾಗ ನಗು ತಡೆಯಿತು, ಅವಳ ಬಾಯಿ ತೆರೆದಾಗ ನಗು ಹೊರಬಿತ್ತು, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಉಸಿರೆಳೆದುಕೊಂಡಾಗ ಅದೂ ಉಸಿರೆಳೆದುಕೊಂಡಿತು. ಗೋಡೌನಿನಲ್ಲಿ ಎಲ್ಲರೂ ಅವನನ್ನು ಬಿಟ್ಟು ಅವಳನ್ನು ನೋಡತೊಡಗಿದರು. ಮೀಸೆಯವನು ಗ್ಲಾಸು ಕೆಳಗಿಟ್ಟು ಎದ್ದು ನಿಂತ. ಯಶೋಧರ ಕಲ್ಲಿನ ಮೇಲಿದ್ದ ಗ್ಲಾಸು ತೊಳೆದು, ನಾಲ್ಕನೇ ಟ್ಯಾಂಕಿನ ನಲ್ಲಿಯಿಂದ ತುಂಬಿಸಿ ತಂದು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟ.

ಅಮ್ಮ, ಮಾರಬಹುದೋ ಬೇಡವೋ ಹೇಳಬೇಕು, ಇಷ್ಟು ದಿನ ಕೇಳದೆ ಮಾರಿದ್ದಕ್ಕೆ ಕ್ಷಮಿಸಬೇಕು ಎಂದ. ಮಂಗಳಾ ಕೈ ಮೇಲೆತ್ತಿದಳು. ಮಾರಬಾರದಂತೆ ಎಂದು ನಾನು ಕೂಗಿಬಿಟ್ಟೆ. ಒಂದು ತೊಟ್ಟೂ ಮಾರಬಾರದಂತೆ, ಎಲ್ಲಾ ಡ್ರಮ್ಮಿಗೆ ತುಂಬಿ ನಮ್ಮ ಮನೆಗೆ ಕಳಿಸಬೇಕಂತೆ. ಯಶೋಧರನ ಮುಖ ಬಾಡಿತು. ದನಿಯವರ ಮಾತೇ ಮಾತು, ಆದರೆ ಅವರ ಬಾಯಿಂದಲೇ ಬರಬೇಕು ಯಜಮಾನರೇ ಎಂದ. ಅದಕ್ಕೇನಂತೆ, ಕುಡಿದು ಹೇಳುತ್ತಾಳೆ ಬಿಡು ಎಂದೆ ನಾನು.

ಮಂಗಳಾ ಗ್ಲಾಸು ಎತ್ತಿ ಒಂದು ಗುಟುಕು ಕುಡಿದಳು. ಹಾಗಲಕಾಯಿ ಕಚ್ಚಿದವಳಂತೆ ಮುಖ ಮಾಡಿದಳು. ಆಮೇಲೆ ಗಂಟಲು ಸರಿ ಮಾಡಿಕೊಂಡಳು. ಆ ಸದ್ದು ಕೇಳಿಯೇ ನನ್ನ ಕಣ್ಣು ತುಂಬಿ ಬಂತು. ಎರಡು ವರ್ಷವಾಗಿತ್ತು.

“ಮಾರ್ಕೊಳ್ಳಿ, ನಿಲ್ಲಿಸ್ಬೇಡಿ. ಉಪ್ಪಿನಕಾಯಿಗೆ ಮಾತ್ರ ಇಂಗು ಹಾಕಿ” ಎಂದಳು.

ಯಶೋಧರ ಕೈ ಮುಗಿದ. ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಇವಳಿಗೆ ಬಿಯರು ತಲೆಗೇರಿತೇನೋ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ, ಕೂತುಕೊಳ್ಳಿ ಎಂದಳು. ಕೂತೆ.

“ಮಾರ್ಬೇಡ ಅಂತ ನಾನು ಹೇಳ್ಲಿಲ್ಲ ರೀ.”

ಕೈ ಎತ್ತಿದೆಯಲ್ಲ ಎಂದೆ. ಗ್ಲಾಸು ತಗೊಳ್ಳೋಕೆ ಎತ್ತಿದೆ ಎಂದಳು. ಮತ್ತೊಂದು ಗುಟುಕು ಕುಡಿದಳು. ಇದೊಂದೇ ಅಲ್ಲ ಎಂದಳು. ಕೋಳಿ ಶೆಡ್ಡಿನಲ್ಲಿ ಅವಳು ನೀರು ಕೇಳಿರಲಿಲ್ಲವಂತೆ. ಬಿಯರಿಗೆ ಹಾಕುವ ಕಾಳನ್ನೂ ನಾವು ರಾಗಿ ಮೊಳಕೆ ಕಟ್ಟುವ ಹಾಗೇ ಮೊಳಕೆ ಬರಿಸುತ್ತಾರೆಯೇ ಎಂದು ಕೇಳಿದ್ದಂತೆ. ಕಲ್ಯಾಣ ಮಂಟಪದಲ್ಲಿ ಕಾಳಿನ ಘಮ ಚೆನ್ನಾಗಿದೆ ಎಂದಿದ್ದಳಂತೆ. ಸಿಲ್ವೆಸ್ಟರ್ ಬಂದ ದಿನ, ಹೋದದ್ದು ಹೋಯಿತು, ಅದನ್ನೇಕೆ ಹುಡುಕುವುದು ಎಂದಿದ್ದಳಂತೆ. ಮತ್ತೆ ಯಾಕೆ ವಾರ ವಾರ ನನ್ನ ಜೊತೆ ಬಂದೆ ಎಂದು ಕೇಳಿದೆ. ಭಾನುವಾರ ಮನೆಯಿಂದ ಆಚೆ ಬರಬಹುದಲ್ಲ ಎಂದು ಬಂದೆ ಎಂದಳು. ಮೀಸೆಯವನು ಮುಖ ಆ ಕಡೆ ತಿರುಗಿಸಿಕೊಂಡ. ಎದ್ದು ಹೋಗಿಬಿಡೋಣ ಎನ್ನುವಷ್ಟು ನಾಚಿಕೆಯಾಯಿತು. ಆದರೆ ಆ ದನಿ ಕೇಳುತ್ತಿರುವಾಗ ಎದ್ದು ಹೋಗುವುದು ಹೇಗೆ? ಬೈಯುತ್ತಿದ್ದರೂ ಅವಳದೇ ದನಿಯಲ್ಲವೇ? ಗ್ಲಾಸು ಅರ್ಧಕ್ಕೆ ಬಂದಿತ್ತು.

“ಕಮಲಾಕ್ಷಿ ಬಂದಾಗ ನಾನು ಕೈ ಎತ್ತಿದ್ದು, ತಡಿ, ಸೀರೆ ಮಡಚ್ಕೊಂಡು ಬರ್ತೀನಿ ಅಂತ.”

ಬಾಗಿಲಲ್ಲಿ ನಿಂತಿದ್ದ ಕಮಲಾಕ್ಷಿ ಹಾಗೇ ತಿರುಗಿ ಹೋದದ್ದು, ಮಂಗಳಾ ಆ ದಿನವೆಲ್ಲಾ ಬೀರುವಿನ ಮುಂದೆ ಕೂತಿದ್ದದ್ದು ಕಣ್ಣಿಗೆ ಕಟ್ಟಿತು. ಅವತ್ತು ನಾನು, ತಂಗಿಯ ಒರಟು ಮಾತಿಗೆ ಬೇಜಾರಾಗಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಯಾಕೆ ಅವತ್ತೇ ಹೇಳಲಿಲ್ಲ ನೀನು ಎಂದು ಕೇಳಿದೆ. ಕೇಳಿದ ಮೇಲೆ, ಏನು ಕೇಳಿದೆ ಎಂದು ನನಗೇ ಅನ್ನಿಸಿತು.

“ಹೇಳ್ದೆ ರೀ. ನನ್ನ ಬೆರಳು ಪೂರ್ತಿ ಏಳೋಕ್ಕೆ ಮೊದ್ಲೇ ನೀವು ಕೂಗ್ಬಿಡ್ತೀರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಸಿಟ್ಟಿಗೆ ನಾನು ಉತ್ತರ ಕೊಡಬಲ್ಲೆ. ಈಗ ಹೇಳು, ಎಲ್ಲಾ ಹೇಳಿಬಿಡು, ಇದರಲ್ಲಿ ಇನ್ನೂ ಬಿಯರಿದೆ ಎಂದು ಗ್ಲಾಸನ್ನು ಅವಳ ಕಡೆ ತಳ್ಳಿದೆ. ಅವಳು ನಿಧಾನವಾಗಿ ಕುಡಿದಳು. ಡ್ರಮ್ಮಲ್ಲಿ ತುಂಬಿಟ್ಟುಕೊಂಡು ಏನು ಮಾಡುತ್ತೀರಿ, ನೀವೇ ಕುಡಿದು ನೀವೇ ಮಾತಾಡಿ ನೀವೇ ಹೂಂಗುಡುವುದಕ್ಕೆ ನಾನೇಕೆ ಬೇಕು ಎಂದಳು. ಇವರಾದರೂ ನನ್ನ ದನಿಯಲ್ಲಿ ನಗುತ್ತಾರೆ, ಜಗಳ ಆಡುತ್ತಾರೆ, ನಾಲ್ಕು ಜನದ ನಡುವೆ ಇರಲಿ ಅದು ಎಂದಳು.

ಗ್ಲಾಸಿನ ತಳದಲ್ಲಿ ಇನ್ನೊಂದು ಗುಟುಕು ಉಳಿದಿತ್ತು. ಅವಳು ಅದನ್ನು ಎತ್ತಲಿಲ್ಲ. ಸೆರಗಿನಿಂದ ಗ್ಲಾಸಿನ ಅಂಚು ಒರೆಸಿ ನನ್ನ ಕಡೆ ಸರಿಸಿದಳು. ಬೇಡ, ನೀನೇ ಕುಡಿ, ಇನ್ನೊಂದು ಮಾತು ಆಡು ಎಂದು ಬೇಡಿಕೊಂಡೆ. ಅವಳು ತಲೆ ಆಡಿಸಿ, ಬೆರಳಿನಿಂದ ಗ್ಲಾಸನ್ನು ಇನ್ನೂ ಸ್ವಲ್ಪ ತಳ್ಳಿದಳು. ಯಾಕೆ ಎಂದು ಅರ್ಥವಾಗಲಿಲ್ಲ. ಕುಡಿದೆ. ನಾಲಿಗೆಯ ಮೇಲೆ ಕಹಿ ನಿಂತಿತು. ಈ ದನಿಯಲ್ಲಿ ಏನು ಹೇಳಬೇಕು? ತಪ್ಪಾಯಿತು ಎಂದರೆ ಅವಳೇ ತಪ್ಪು ಒಪ್ಪಿಕೊಂಡಂತೆ ಕೇಳುತ್ತದೆ. ನನ್ನ ಹೆಸರು ನಾನೇ ಕರೆದುಕೊಂಡರೆ ಹುಚ್ಚುತನ. ಕಹಿ ಇಳಿಯುತ್ತಾ ಬಂತು. ಬಾಯಿ ತೆರೆದೆ, ಅವಳ ದನಿಯಲ್ಲಿ ಮಾತು ಬಂತು.

“ಮಂಗಳಾ, ನಿಂಗೆ ಏನು ಬೇಕು?”

ಅವಳು ಬೆಚ್ಚಿ ನನ್ನನ್ನು ನೋಡಿದಳು. ತನ್ನ ದನಿಯೇ ತನ್ನನ್ನು ಕೇಳಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದ ನನಗೆ, ಈ ಮಾತನ್ನು ನನ್ನ ದನಿಯಲ್ಲಿ ಯಾವತ್ತಾದರೂ ಕೇಳಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳಲು ಹೋದರೆ ಏನೂ ಸಿಗಲಿಲ್ಲ. ಅವಳು ಕೈಯನ್ನು ಮೇಜಿನ ಕೆಳಗಿನಿಂದ ತೆಗೆದು ಮಡಿಲಿಗೆ ಒಮ್ಮೆ ಒರೆಸಿಕೊಂಡು, ಮೇಲೆತ್ತಿದಳು.

ಮೊದಲು ತನ್ನ ಎದೆ ಮುಟ್ಟಿಕೊಂಡಳು. ಬಾಗಿಲ ಕಡೆ ತೋರಿಸಿದಳು. ಎರಡು ಬೆರಳನ್ನು ಮೇಜಿನ ಮೇಲೆ ನಡೆಸಿದಳು, ನಿಲ್ಲಿಸಿದಳು. ತಂಗಿಯ ಊರು ಎಂದು ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿ ತಡೆದೆ. ತಡೆದದ್ದು ಒಳ್ಳೆಯದಾಯಿತು, ಯಾಕೆಂದರೆ ಬೆರಳುಗಳು ಮತ್ತೆ ನಡೆದವು, ಈ ಸಲ ಬೇರೆ ಕಡೆಗೆ. ಆಮೇಲೆ ಟ್ಯಾಂಕುಗಳನ್ನು ತೋರಿಸಿದಳೋ, ಅದರಾಚೆಯ ಕಿಟಕಿಯನ್ನೋ. ಅಂಗೈ ಬಟ್ಟಲು ಮಾಡಿ ಮುಚ್ಚಿದಳು. ಅದು ಮೊಳಕೆ ಎಂದು ಈಗ ಗೊತ್ತಿತ್ತು, ಅದರ ಹಿಂದೆ ಮುಂದೆ ಇದ್ದದ್ದು ಗೊತ್ತಿರಲಿಲ್ಲ. ಇನ್ನೊಂದು ಸಲ ತೋರಿಸು ಎಂದೆ. ನನ್ನ ದನಿ ನನಗೆ ವಾಪಸು ಬಂದಿತ್ತು, ಬಹಳ ಒರಟಾಗಿ ಕೇಳಿತು. ಅವಳು ಮೊದಲಿನಿಂದ ಶುರು ಮಾಡಿದಳು.

ಯಶೋಧರ ಗ್ಲಾಸು ತೆಗೆದುಕೊಳ್ಳಲು ಬಂದವನು ನಿಂತ. ಅಮ್ಮ ಏನಂತಾರೆ ಯಜಮಾನರೇ ಎಂದು ಕೇಳಿದ.

“ತಡಿಯಪ್ಪ” ಎಂದೆ, ಅವಳ ಕೈಯಿಂದ ಕಣ್ಣು ತೆಗೆಯದೆ. “ಅವಳಿನ್ನೂ ಮುಗಿಸಿಲ್ಲ.”